ರೇಡಿಯೇಟರಿಗೆ ಎಂಥ ನೀರು?

ಕಾರಿನ ಎಂಜಿನ್ ಶಾಖವನ್ನು ಚಲನೆಯಾಗಿ ಮಾರ್ಪಡಿಸುವ ಯಂತ್ರವಾದರೂ ಆ ಕೆಲಸದಲ್ಲಿ ಅದು ಅಷ್ಟೇನೂ ಚತುರವಲ್ಲ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರಗಳನ್ನು ತಿರುಗಿಸಲು ಒದಗುತ್ತದೆ; ಹೆಚ್ಚುಕಡಿಮೆ ಅಷ್ಟೇ ಪಾಲು ಸೈಲೆನ್ಸರಿನ ಹೊಗೆಯೊಂದಿಗೆ ಹೊರಬೀಳುತ್ತದೆ; ಉಳಿದದ್ದರಲ್ಲಿ ಬಹುಭಾಗ ಎಂಜಿನ್ನಿನ ಲೋಹದೊಳಗೆ ಇಳಿಯುತ್ತದೆ. ಸಿಲಿಂಡರಿನೊಳಗೆ ಇಂಧನ ಹೊತ್ತಿಕೊಂಡ ಕ್ಷಣದಲ್ಲಿ ಅನಿಲದ ಉಷ್ಣತೆ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆದರೆ ಅದನ್ನು ಸುತ್ತುವರಿದಿರುವ ಅಲ್ಯೂಮಿನಿಯಂ 660 ಡಿಗ್ರಿಯಲ್ಲೇ ಕರಗುವ ಲೋಹ. ಅದು ಕರಗದೆ ಉಳಿಯುವುದು ಆ ಗೋಡೆಯ ಬೆನ್ನಿಗಿರುವ ಕಿರಿದಾದ ಕಾಲುವೆಗಳಲ್ಲಿ ಎಡೆಬಿಡದೆ ಹರಿಯುತ್ತ ಶಾಖವನ್ನು ಹೊತ್ತೊಯ್ಯುವ ಐದಾರು ಲೀಟರ್ ದ್ರವದಿಂದಾಗಿ.

ಈ ದ್ರವಕ್ಕೆ ಕೂಲಂಟ್, ಅಂದರೆ ತಂಪುಕಾರಕ, ಎಂಬ ಹೆಸರು ಬಂದಿರುವುದೇ ಅರ್ಧ ಗೊಂದಲಕ್ಕೆ ಮೂಲ. ತಂಪು ಮಾಡುವ ಕೆಲಸದಲ್ಲಿ ಶುದ್ಧ ನೀರನ್ನು ಮೀರಿಸುವ ದ್ರವ ಕಾರಿನ ಮಾರುಕಟ್ಟೆಯಲ್ಲಿಲ್ಲ. ಡಬ್ಬಿಯಲ್ಲಿ ಬರುವ ಬಣ್ಣದ ರಾಸಾಯನಿಕವನ್ನು ಬೆರೆಸಿದಷ್ಟೂ ನೀರಿನ ಶಾಖ ಹೊರುವ ಶಕ್ತಿ ಕುಗ್ಗುತ್ತದೆ. ಹೀಗಿದ್ದೂ ಅದನ್ನು ಬೆರೆಸಲೇಬೇಕು, ಏಕೆಂದರೆ ಬರಿಯ ನೀರು ಲೋಹವನ್ನು ತಿನ್ನುತ್ತದೆ, ಬೇಗ ಕುದಿಯುತ್ತದೆ, ಚಳಿನಾಡಿನಲ್ಲಾದರೆ ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ನನ್ನೇ ಸೀಳುತ್ತದೆ. ಕರ್ನಾಟಕದ ಹವೆಯಲ್ಲಿ ಹೆಪ್ಪುಗಟ್ಟುವ ಭಯ ಇಲ್ಲ, ಕುದಿಯುವ ಭಯವನ್ನು ಬಹುಮಟ್ಟಿಗೆ ಮುಚ್ಚಳವೊಂದೇ ನಿಭಾಯಿಸುತ್ತದೆ. ಲೋಹವನ್ನು ತಿನ್ನದಂತೆ ತಡೆಯುವುದೇ ಇಲ್ಲಿನ ವಾಹನಕ್ಕೆ ಕೂಲಂಟ್ ಮಾಡುವ ಮುಖ್ಯ ಉಪಕಾರ, ಮತ್ತು ಗ್ಯಾರೇಜಿನ ನಲ್ಲಿಯಿಂದ ಒಂದು ಮಗ್ ನೀರು ಸುರಿದಾಗ ಹಾಳಾಗುವುದೂ ಅದೇ ಉಪಕಾರ.

ದ್ರವ ಸುತ್ತುವ ಹಾದಿ ಸರಳವಾದುದು. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಅದನ್ನು ಸಿಲಿಂಡರುಗಳ ಸುತ್ತ ತಳ್ಳುತ್ತದೆ. ಅಲ್ಲಿಂದ ಅದು ಮೇಲಿನ ಸಿಲಿಂಡರ್ ಹೆಡ್‌ಗೆ ಏರಿ, ಹೊಗೆ ಹೊರಹೋಗುವ ವಾಲ್ವುಗಳ ನಡುವಿನ ಅತಿ ಬಿಸಿಯಾದ ಸಂದುಗಳನ್ನು ತಣಿಸಿ, ಮೇಲಿನ ಹೋಸ್ ಪೈಪಿನ ಮೂಲಕ ಕಾರಿನ ಮೂತಿಯಲ್ಲಿರುವ ರೇಡಿಯೇಟರಿಗೆ ಬರುತ್ತದೆ. ರೇಡಿಯೇಟರ್ ಎಂಬುದು ಚಪ್ಪಟೆ ಕೊಳವೆಗಳ ಸಾಲು. ಅವುಗಳ ನಡುವೆ ಕಾಗದದಂತೆ ತೆಳುವಾದ, ಮಡಿಕೆಮಡಿಕೆಯಾದ ಲೋಹದ ಪಟ್ಟಿಗಳು, ಅಂದರೆ ಫಿನ್ನುಗಳು, ಇರುತ್ತವೆ. ಕಾರು ಓಡುವಾಗ ಎದುರುಗಾಳಿ ಈ ಪಟ್ಟಿಗಳ ನಡುವೆ ನುಗ್ಗಿ ಶಾಖವನ್ನು ಒಯ್ಯುತ್ತದೆ, ಕಾರು ನಿಂತಾಗ ಅಥವಾ ತೆವಳುವಾಗ ಆ ಕೆಲಸವನ್ನು ವಿದ್ಯುತ್ ಫ್ಯಾನ್ ವಹಿಸಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಯಾವ ತೊಂದರೆಯನ್ನೂ ತೋರದ ಕಾರು ಬೆಂಗಳೂರಿನ ಸಿಗ್ನಲ್ಲುಗಳಲ್ಲಿಯೋ ಶಿರಾಡಿ ಘಾಟಿಯ ಏರಿನಲ್ಲಿಯೋ ಮುನಿಸಿಕೊಳ್ಳುವುದಕ್ಕೆ ಇದೇ ಕಾರಣ: ಏರಿನಲ್ಲಿ ಎಂಜಿನ್ ದುಡಿಯುವುದು ಹೆಚ್ಚು, ಗಾಳಿ ಸಿಗುವುದು ಕಡಿಮೆ, ಅದರ ಮೇಲೆ ಏಸಿಯ ಹೊರೆ ಬೇರೆ.

ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ತಪ್ಪು. ಎಂಜಿನ್ ಎಣ್ಣೆ ಸರಿಯಾಗಿ ಹರಿಯಲು, ಇಂಧನ ಪೂರ್ತಿ ಆವಿಯಾಗಿ ಉರಿಯಲು, ಉರಿದ ಮೇಲೆ ಎಣ್ಣೆಯಲ್ಲಿ ಸೇರಿಕೊಂಡ ತೇವ ಆರಿಹೋಗಲು ಎಂಜಿನ್ ಬಿಸಿಯಾಗಿಯೇ ಇರಬೇಕಾಗುತ್ತದೆ. ಆ ಕಾವನ್ನು ಕಾಯುವ ಬಾಗಿಲೇ ಥರ್ಮೋಸ್ಟ್ಯಾಟ್. ಇದರೊಳಗೆ ಮೇಣ ತುಂಬಿದ ಚಿಕ್ಕ ಲೋಹದ ಬಟ್ಟಲಿರುತ್ತದೆ. ದ್ರವ ಸುಮಾರು 82ರಿಂದ 90 ಡಿಗ್ರಿಗೆ ಬರುವವರೆಗೆ ಮೇಣ ಗಟ್ಟಿಯಾಗಿದ್ದು ಬಾಗಿಲು ಮುಚ್ಚಿರುತ್ತದೆ ಮತ್ತು ದ್ರವ ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಆ ಕಾವು ತಲುಪಿದಾಗ ಮೇಣ ಕರಗಿ ಹಿಗ್ಗಿ ಕಡ್ಡಿಯೊಂದನ್ನು ತಳ್ಳಿ ಬಾಗಿಲು ತೆರೆಯುತ್ತದೆ. ಇಷ್ಟು ಸರಳವಾದ, ಅಗ್ಗವಾದ ಈ ಬಿಡಿಭಾಗವನ್ನು ‘ನಮ್ಮ ಸೆಕೆಗೆ ಇದು ಬೇಡ’ ಎಂದು ಕಿತ್ತೆಸೆಯುವ ರೂಢಿ ಕೆಲವು ಗ್ಯಾರೇಜುಗಳಲ್ಲಿ ಇನ್ನೂ ಇದೆ. ಹಾಗೆ ಕಿತ್ತ ಕಾರು ಬೇಗ ಬಿಸಿಯಾಗದೆ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಉರಿಯದ ಇಂಧನ ಎಣ್ಣೆಗೆ ಇಳಿದು ಅದನ್ನು ತೆಳುವಾಗಿಸುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ತೆರೆಯುವಾಗಲೇ ಒಳಗಿನ ಅಡ್ಡದಾರಿಯನ್ನು ಮುಚ್ಚುವ ವ್ಯವಸ್ಥೆ ಇರುವುದರಿಂದ, ಅದನ್ನು ತೆಗೆದರೆ ದ್ರವದ ಒಂದು ಪಾಲು ರೇಡಿಯೇಟರನ್ನು ಕಾಣದೆಯೇ ಸುತ್ತಿ, ತಂಪಾಗಲೆಂದು ಮಾಡಿದ ಉಪಾಯ ಕಾರನ್ನು ಕುದಿಸುತ್ತದೆ.

ಇನ್ನು ಮುಚ್ಚಳದ ಸಂಗತಿ. ರೇಡಿಯೇಟರಿನ ಮುಚ್ಚಳ ಮಾಡುವ ಕೆಲಸ ಅಡುಗೆಮನೆಯ ಕುಕ್ಕರಿನ ವೆಯ್ಟ್ ಮಾಡುವ ಕೆಲಸವೇ. ಸಮುದ್ರಮಟ್ಟದ ಮಂಗಳೂರಿನಲ್ಲಿ 100 ಡಿಗ್ರಿಯಲ್ಲಿ ಕುದಿಯುವ ನೀರು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯಲ್ಲೇ ಕುದಿಯುತ್ತದೆ. ಆದರೆ ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರಿಸಿದರೆ ಕುದಿಯುವ ಬಿಂದುವೂ ಏರುತ್ತದೆ. ಹೊರಗಿನ ಗಾಳಿಗಿಂತ ಒಂದು ವಾತಾವರಣದಷ್ಟು ಹೆಚ್ಚಿನ ಒತ್ತಡದಲ್ಲಿ ಬರಿಯ ನೀರೇ 120 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ, ಅನ್ನ ಬೇಗ ಬೇಯುವುದೂ ಇದೇ ಗುಟ್ಟಿನಿಂದ. ಮುಚ್ಚಳದ ಮೇಲೆ ಅಚ್ಚೊತ್ತಿರುವ 0.9 ಅಥವಾ 1.1 ಎಂಬ ಅಂಕಿ ಆ ಒತ್ತಡವನ್ನೇ ಸೂಚಿಸುತ್ತದೆ. ಒತ್ತಡ ಅದನ್ನು ಮೀರಿದಾಗ ಮುಚ್ಚಳದ ಸ್ಪ್ರಿಂಗ್ ಸೋತು ಹೆಚ್ಚುವರಿ ದ್ರವ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿಗೆ ಹರಿಯುತ್ತದೆ. ಎಂಜಿನ್ ಆರಿ ಒಳಗೆ ನಿರ್ವಾತ ಉಂಟಾದಾಗ ಮುಚ್ಚಳದ ನಡುವಿನ ಇನ್ನೊಂದು ಪುಟ್ಟ ವಾಲ್ವ್ ತೆರೆದು ಅದೇ ದ್ರವವನ್ನು ವಾಪಸ್ ಹೀರಿಕೊಳ್ಳುತ್ತದೆ. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಬಿರುಕುಬಿಟ್ಟರೆ ಒತ್ತಡ ನಿಲ್ಲದೆ ದ್ರವ ಬೇಗ ಕುದಿಯುತ್ತದೆ. ಒಳಗಿನ ಪುಟ್ಟ ವಾಲ್ವ್ ಕಟ್ಟಿಕೊಂಡರೆ ಆರಿದ ಎಂಜಿನ್ನಿನ ಹೋಸ್ ಪೈಪು ಹೀರಿ ಚಪ್ಪಟೆಯಾಗಿ ಕಾಣುತ್ತದೆ. ಸಿಲಿಂಡರ್ ಹೆಡ್ಡಿನ ಕೆಳಗಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಎಂಜಿನ್ ಬಿಚ್ಚುವ ಮೊದಲು ಈ ಅಗ್ಗದ ಮುಚ್ಚಳವನ್ನು ಬದಲಿಸಿ ನೋಡುವುದು ಜಾಣತನ.

ನೀರಿಗೆ ಏನನ್ನಾದರೂ ಬೆರೆಸಬೇಕೆಂಬ ವಿಚಾರ ಚಳಿದೇಶಗಳಿಂದ ಬಂದದ್ದು. 1886ರ ಕಾರ್ಲ್ ಬೆನ್ಜ್‌ನ ಮೊದಲ ಮೋಟಾರು ಗಾಡಿಯಲ್ಲಿ ಎಂಜಿನ್ ಸುತ್ತಲಿನ ನೀರು ಸುಮ್ಮನೆ ಕುದಿದು ಆವಿಯಾಗುತ್ತಿತ್ತು, ದಾರಿಯುದ್ದಕ್ಕೂ ನೀರು ಹುಯ್ಯುತ್ತಲೇ ಹೋಗಬೇಕಿತ್ತು. ವಿಲ್ಹೆಲ್ಮ್ ಮೇಬ್ಯಾಕ್ 1901ರ ಮರ್ಸಿಡಿಸ್ ಕಾರಿಗೆ 8,070 ಪುಟ್ಟ ಚೌಕ ಕೊಳವೆಗಳನ್ನು ಜೋಡಿಸಿ ಜೇನುಗೂಡಿನಂಥ ರೇಡಿಯೇಟರ್ ರೂಪಿಸಿದ ಮೇಲೆ ಕೆಲವೇ ಲೀಟರ್ ನೀರನ್ನು ಮತ್ತೆ ಮತ್ತೆ ಬಳಸುವುದು ಸಾಧ್ಯವಾಯಿತು, ಮತ್ತು ಅದೇ ನೀರು ರಾತ್ರಿಯೆಲ್ಲ ಕಾರಿನೊಳಗೆ ಉಳಿದು ಹೆಪ್ಪುಗಟ್ಟುವ ಸಮಸ್ಯೆಯೂ ಮೊದಲಾಯಿತು. ಮೊದಮೊದಲು ಮದ್ಯಸಾರವನ್ನು ಬೆರೆಸಿದರು, ಅದು ಬಿಸಿಗೆ ಆವಿಯಾಗಿ ಹೋಗುತ್ತಿತ್ತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶಾರ್ಲ್ ಅಡಾಲ್ಫ್ ವುರ್ಟ್ಜ್ 1850ರ ದಶಕದಲ್ಲಿ ತಯಾರಿಸಿದ್ದ ಎಥಿಲೀನ್ ಗ್ಲೈಕಾಲ್ ಎಂಬ ಮಂದವಾದ, ಬಣ್ಣವಿಲ್ಲದ, ಸಿಹಿರುಚಿಯ ದ್ರವ 197 ಡಿಗ್ರಿಯವರೆಗೆ ಕುದಿಯುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. 1927ರಲ್ಲಿ ಅದು ಅಮೆರಿಕದಲ್ಲಿ ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಿತು. ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನಿಗೆ ಮೊದಲು ಬರಿಯ ಗ್ಲೈಕಾಲನ್ನೇ ತುಂಬಿ, ಎರಡನೆಯ ಮಹಾಯುದ್ಧದ ಹೊತ್ತಿಗೆ ಅದನ್ನು ಬಿಟ್ಟು, ನೂರಕ್ಕೆ 70 ಪಾಲು ನೀರು ಮತ್ತು 30 ಪಾಲು ಗ್ಲೈಕಾಲಿನ ಮಿಶ್ರಣವನ್ನು ಒತ್ತಡದಲ್ಲಿ ಬಳಸತೊಡಗಿದ್ದು ಗಮನಿಸಬೇಕಾದ ಸಂಗತಿ. ಪ್ರಾಣವೇ ಪಣವಾಗಿದ್ದ ಎಂಜಿನ್ನಿನಲ್ಲಿಯೂ ಕೊನೆಗೆ ಶಾಖ ಹೊರುವ ಕೆಲಸಕ್ಕೆ ನೀರೇ ಬೇಕಾಯಿತು.

ಮಿಶ್ರಣದ ಲೆಕ್ಕವೂ ಇದರಿಂದಲೇ ತಿಳಿಯುತ್ತದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿಮಾಡಲು 4.18 ಕಿಲೋಜೂಲ್ ಶಾಖ ಬೇಕು, ಅಷ್ಟೇ ಗ್ಲೈಕಾಲಿಗೆ ಸುಮಾರು 2.4 ಸಾಕು, ಅಂದರೆ ಗ್ಲೈಕಾಲ್ ಹೊರುವ ಶಾಖ ನೀರು ಹೊರುವುದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಅರ್ಧಕ್ಕರ್ಧ ಬೆರೆಸಿದ ದ್ರವ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ, ಮುಚ್ಚಳದ ಒತ್ತಡ ಸೇರಿದರೆ 125 ಡಿಗ್ರಿಯನ್ನೂ ದಾಟುತ್ತದೆ; ಹೆಪ್ಪುಗಟ್ಟುವುದು ಸೊನ್ನೆಗಿಂತ 37 ಡಿಗ್ರಿ ಕೆಳಗೆ. ಬೆರಕೆ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚೆಂಬ ಊಹೆ ಇಲ್ಲಿ ನಡೆಯದು: ಗ್ಲೈಕಾಲ್ ನೂರಕ್ಕೆ 70ನ್ನು ಮೀರಿದರೆ ಹೆಪ್ಪುಗಟ್ಟುವ ಬಿಂದು ಮತ್ತೆ ಮೇಲಕ್ಕೇರುತ್ತದೆ, ಬರಿಯ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಂದವಾದ ದ್ರವವನ್ನು ತಳ್ಳಲು ಪಂಪಿಗೆ ಶ್ರಮ ಹೆಚ್ಚು, ದ್ರವ ಹೊರುವ ಶಾಖ ಕಡಿಮೆ. ಹೀಗಾಗಿ ‘ಬೇಸಿಗೆ ಬಂತು, ಕೂಲಂಟ್ ಜಾಸ್ತಿ ಹಾಕಿಬಿಡಿ’ ಎಂಬ ಸಲಹೆ ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ತಲೆಕೆಳಗಾದ ಸಲಹೆಯಾಗುತ್ತದೆ. ತಯಾರಕರು ಸಾಮಾನ್ಯವಾಗಿ ಹೇಳುವ ಪ್ರಮಾಣ ನೂರಕ್ಕೆ 30ರಿಂದ 50 ಪಾಲು. ಬಯಲುಸೀಮೆಯಲ್ಲೇ ಓಡಾಡುವ ಕಾರಿಗೆ ಕೈಪಿಡಿ 30 ಎಂದಿದ್ದರೆ 30 ಸಾಕು; ಚಳಿಗಾಲದಲ್ಲಿ ಲಡಾಖಿಗೆ ಹೊರಡುವವರಿಗೆ ಮಾತ್ರ 50 ಅನಿವಾರ್ಯ, ಏಕೆಂದರೆ ಲೇಹ್‌ನ ರಾತ್ರಿ ಸೊನ್ನೆಗಿಂತ 20 ಡಿಗ್ರಿಯಷ್ಟು ಕೆಳಗಿಳಿಯುವುದುಂಟು. ನೂರಕ್ಕೆ 25ಕ್ಕಿಂತ ಕಡಿಮೆಯಾದರೆ ಬೇರೆ ತೊಂದರೆ ಶುರುವಾಗುತ್ತದೆ: ಗ್ಲೈಕಾಲಿನೊಂದಿಗೆ ಬರುವ ರಕ್ಷಕ ಲವಣಗಳು ತೀರ ತೆಳುವಾಗಿ ಲೋಹವನ್ನು ಕಾಯಲಾರದೆ ಹೋಗುತ್ತವೆ.

ಡಬ್ಬಿಯ ಬೆಲೆ ನಿಜವಾಗಿ ಸಲ್ಲುವುದು ಈ ಲವಣಗಳಿಗೆ. ಎಂಜಿನ್ನಿನೊಳಗೆ ಅಲ್ಯೂಮಿನಿಯಂ, ಎರಕದ ಕಬ್ಬಿಣ, ಉಕ್ಕು, ಕೆಲವೆಡೆ ತಾಮ್ರ ಎಲ್ಲವೂ ಒಂದೇ ಬಿಸಿ ದ್ರವದಲ್ಲಿ ಮುಳುಗಿರುತ್ತವೆ. ಬೇರೆಬೇರೆ ಲೋಹಗಳು ವಿದ್ಯುತ್ ಹರಿಯಬಲ್ಲ ದ್ರವದಲ್ಲಿ ಕೂಡಿದಾಗ ಬ್ಯಾಟರಿಯಲ್ಲಿ ನಡೆಯುವ ಕ್ರಿಯೆಯೇ ಅಲ್ಲೂ ನಡೆದು ಒಂದು ಲೋಹ ಸವೆಯುತ್ತ ಹೋಗುತ್ತದೆ. ಗ್ಲೈಕಾಲ್ ಕೂಡ ಕಾವಿಗೆ ಮತ್ತು ಗಾಳಿಗೆ ಸಿಕ್ಕಿ ವರ್ಷಗಳಲ್ಲಿ ಹುಳಿಯಾಗಿ, ಆಮ್ಲವಾಗಿ, ತಾನೇ ಲೋಹವನ್ನು ತಿನ್ನತೊಡಗುತ್ತದೆ. ಇದನ್ನು ತಡೆಯಲು ಹಳೆಯ ಪದ್ಧತಿಯ ಹಸಿರು ಕೂಲಂಟುಗಳಲ್ಲಿ ಸಿಲಿಕೇಟ್, ಫಾಸ್ಫೇಟ್, ಬೋರೇಟ್‌ನಂಥ ಖನಿಜ ಲವಣಗಳಿರುತ್ತವೆ. ಅವು ಲೋಹದ ಮೈಮೇಲೆಲ್ಲ ತೆಳುವಾದ ಪೊರೆಯನ್ನು ಹಾಸುತ್ತವೆ, ಹಾಸುತ್ತಲೇ ಖರ್ಚಾಗುತ್ತವೆ, ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. 1990ರ ದಶಕದಲ್ಲಿ ಹರಡಿದ ಸಾವಯವ ಆಮ್ಲದ ಪದ್ಧತಿಯಲ್ಲಿ ಲವಣಗಳು ಸವೆತ ಎಲ್ಲಿ ಶುರುವಾಗುತ್ತದೋ ಅಲ್ಲಿಗಷ್ಟೇ ಹೋಗಿ ಅಂಟಿಕೊಳ್ಳುತ್ತವೆ. ಖರ್ಚು ನಿಧಾನ, ಬಾಳಿಕೆ ಐದು ವರ್ಷ ಅಥವಾ ಹೆಚ್ಚು. ಎರಡರ ಗುಣಗಳನ್ನೂ ಕೂಡಿಸಿದ ಮಿಶ್ರ ಪದ್ಧತಿಯೇ ಇಂದಿನ ಬಹುಪಾಲು ಹೊಸ ಕಾರುಗಳಲ್ಲಿರುವುದು.

ಈ ಮಿಶ್ರ ಪದ್ಧತಿಯಲ್ಲಿಯೂ ಎರಡು ಕವಲುಗಳಿವೆ, ಅವು ಕವಲೊಡೆದ ಕಾರಣವೇ ಇಲ್ಲಿನ ಓದುಗರಿಗೆ ಮುಖ್ಯ. ಯುರೋಪಿನ ಹಲವೆಡೆ ನಲ್ಲಿ ನೀರು ಗಡಸು. ಫಾಸ್ಫೇಟ್ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗಿ ಬೀಳುವುದರಿಂದ ಅಲ್ಲಿನ ತಯಾರಕರು ಅದನ್ನು ಬಿಟ್ಟು ಸಿಲಿಕೇಟನ್ನು ಹಿಡಿದರು. ಜಪಾನಿನವರು ಸಿಲಿಕೇಟಿನ ಕಣಗಳು ವಾಟರ್ ಪಂಪಿನ ಸೀಲನ್ನು ಸವೆಸುತ್ತವೆಂದು ಅದನ್ನು ಬಿಟ್ಟು ಫಾಸ್ಫೇಟನ್ನು ಉಳಿಸಿಕೊಂಡರು, ಅವರ ನೀರು ಮೃದುವಾದ್ದರಿಂದ ಅದು ನಡೆಯಿತು. ಭಾರತದ ರಸ್ತೆಗಳಲ್ಲಿ ಜಪಾನ್ ಮೂಲದ ಕಾರುಗಳೇ ಹೆಚ್ಚು, ಆದರೆ ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಬೋರ್‌ವೆಲ್ಲುಗಳಿಂದ ಬರುವುದು ಗಡಸು ನೀರು. ಮೃದು ನೀರಿನ ದೇಶಕ್ಕಾಗಿ ಹದಮಾಡಿದ ದ್ರವಕ್ಕೆ ಬಯಲುಸೀಮೆಯ ನೀರನ್ನು ಬೆರೆಸಿದರೆ ಲೋಹವನ್ನು ಕಾಯಬೇಕಾದ ಫಾಸ್ಫೇಟೇ ಕೆಸರಾಗಿ ಕೊಳವೆಯಲ್ಲಿ ಕೂರುತ್ತದೆ.

ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯನ್ನು ಕಂಡವರಿಗೆ ಗಡಸು ನೀರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲು. ಶಾಖವನ್ನು ದಾಟಿಸುವ ಶಕ್ತಿಯಲ್ಲಿ ಅಲ್ಯೂಮಿನಿಯಂನ ಸರಿಸುಮಾರು ನೂರನೇ ಒಂದು ಪಾಲು. ಹಂಡೆಯಲ್ಲಿ ಹಕ್ಕಳೆ ಕಟ್ಟಿದರೆ ಸೌದೆ ಹೆಚ್ಚು ಬೇಕು, ಅಷ್ಟೆ. ಎಂಜಿನ್ನಿನಲ್ಲಿ ಅದು ಮೊದಲು ಕಟ್ಟುವುದೇ ಅತಿ ಬಿಸಿಯಾದ ಜಾಗದಲ್ಲಿ, ಅಂದರೆ ಶಾಖ ಬೇಗನೆ ದಾಟಿಹೋಗಲೇಬೇಕಾದ ಜಾಗದಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಸ್ವೀಕಾರಾರ್ಹ, ಬೇರೆ ನೀರು ಸಿಗದಿದ್ದರೆ 600ರವರೆಗೂ ನಡೆಯುತ್ತದೆ. ಕ್ಲೋರೈಡಿನ ಸ್ವೀಕಾರಾರ್ಹ ಮಿತಿ 250 ಮಿಲಿಗ್ರಾಂ. ದೊಡ್ಡ ಡೀಸೆಲ್ ಎಂಜಿನ್ನುಗಳನ್ನು ತಯಾರಿಸುವ ಕ್ಯಾಟರ್‌ಪಿಲ್ಲರ್ ಕಂಪನಿ ಕೂಲಂಟಿಗೆ ಬೆರೆಸುವ ನೀರಿಗೆ ಹಾಕಿರುವ ಮಿತಿ ಗಡಸುತನಕ್ಕೆ 170, ಕ್ಲೋರೈಡಿಗೆ ಬರಿಯ 40. ಮನುಷ್ಯ ನಿಶ್ಚಿಂತೆಯಿಂದ ಕುಡಿಯಬಹುದಾದ ನೀರು ಎಂಜಿನ್ನಿಗೆ ಸಲ್ಲದಿರಬಹುದು ಎಂದಾಯಿತು. ಕ್ಲೋರೈಡಿನ ವಿಷಯದಲ್ಲಿ ಇಷ್ಟು ಬಿಗುವೇಕೆಂದರೆ, ಉಪ್ಪಿನ ಈ ಅಂಶ ಅಲ್ಯೂಮಿನಿಯಂನ ಮೇಲಿನ ಸಹಜ ಪೊರೆಯನ್ನು ಅಲ್ಲಲ್ಲಿ ಒಡೆದು ಸೂಜಿಮೊನೆಯಷ್ಟು ಕಿರಿದಾದ ಗುಳಿಗಳನ್ನು ಕೊರೆಯುತ್ತದೆ; ರೇಡಿಯೇಟರಿನ ತೆಳು ಕೊಳವೆ ಅಂಥ ಒಂದು ಗುಳಿಯಿಂದಲೇ ಸೋರತೊಡಗುತ್ತದೆ.

ಹಾಗಾದರೆ ಯಾವ ನೀರು? ಕಾಯಿಸಿ ಆರಿಸಿದ ನೀರು ಸಾಲದು, ಏಕೆಂದರೆ ಕಾಯಿಸಿದರೆ ಗಡಸುತನದ ಒಂದು ಭಾಗ ಮಾತ್ರ ತಳಕ್ಕಿಳಿಯುತ್ತದೆ, ಕ್ಲೋರೈಡ್ ಮತ್ತು ಸಲ್ಫೇಟ್ ಹಾಗೆಯೇ ಉಳಿಯುತ್ತವೆ. ಆರ್‌ಓ ಯಂತ್ರದ ನೀರು ನಲ್ಲಿಯ ನೀರಿಗಿಂತ ಎಷ್ಟೋ ಮೇಲು, ಆದರೆ ಅದರಲ್ಲೂ ಲವಣ ಪೂರ್ತಿ ಹೋಗಿರುವುದಿಲ್ಲ, ಮತ್ತು ಹಲವು ಯಂತ್ರಗಳು ರುಚಿಗಾಗಿ ಖನಿಜವನ್ನು ಮತ್ತೆ ಸೇರಿಸುತ್ತವೆ. ಬ್ಯಾಟರಿಗೆ ಹಾಕಲೆಂದು ಪೆಟ್ರೋಲ್ ಬಂಕುಗಳಲ್ಲಿ, ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಅಥವಾ ಖನಿಜ ತೆಗೆದ ನೀರೇ ಸರಿಯಾದದ್ದು. ಅದೇ ಅಂಗಡಿಯ ಅದೇ ಸಾಲಿನಲ್ಲಿ ಬ್ಯಾಟರಿ ಆಸಿಡ್ ಕೂಡ ಇರುವುದುಂಟಾದ್ದರಿಂದ ಡಬ್ಬಿಯ ಮೇಲಿನ ಬರಹವನ್ನು ಎರಡು ಸಲ ಓದಬೇಕು.

ಊರ ನೀರು ಹುಯ್ದೇ ದಶಕಗಳ ಕಾಲ ಗಾಡಿ ಓಡಿಸಿದ ಹಿರಿಯ ಚಾಲಕರು ಈ ಮಾತನ್ನು ಒಪ್ಪುವುದಿಲ್ಲ, ಅವರ ಅನುಭವ ಸುಳ್ಳೂ ಅಲ್ಲ. ಅಂಬಾಸಿಡರ್ ಕಾರಿನ ಎಂಜಿನ್ ದಪ್ಪ ಗೋಡೆಯ ಎರಕದ ಕಬ್ಬಿಣದ್ದು, ರೇಡಿಯೇಟರ್ ಹಿತ್ತಾಳೆ ಮತ್ತು ತಾಮ್ರದ್ದು. ತುಕ್ಕು ಹಿಡಿದರೂ ತಡೆದುಕೊಳ್ಳುವಷ್ಟು ಲೋಹ ಅದರಲ್ಲಿತ್ತು, ಸೋರಿದರೆ ಬೆಸುಗೆ ಹಾಕುವವರು ಪ್ರತಿ ಊರಿನಲ್ಲಿದ್ದರು. ಈಗಿನ ಕಾರಿನ ಹೆಡ್ ಅಲ್ಯೂಮಿನಿಯಂ, ಹಲವು ಕಾರುಗಳಲ್ಲಿ ಬ್ಲಾಕ್ ಕೂಡ ಅಲ್ಯೂಮಿನಿಯಂ, ರೇಡಿಯೇಟರಿನ ಕೊಳವೆ ಅಲ್ಯೂಮಿನಿಯಂ, ಅದರ ಎರಡು ಬದಿಯ ತೊಟ್ಟಿ ಪ್ಲಾಸ್ಟಿಕ್ಕಿನದು. ಹಳೆಯ ಗಾಡಿ ಸಹಿಸಿದ್ದನ್ನು ಇದು ಸಹಿಸುವುದಿಲ್ಲ.

ಅಂಗಡಿಯಲ್ಲಿ ಕೂಲಂಟ್ ಆರಿಸುವಾಗ ಹೆಚ್ಚಿನವರು ನೋಡುವುದು ಬಣ್ಣವನ್ನು, ಅದೇ ನಂಬಲರ್ಹವಲ್ಲದ ಗುರುತು. ಬಣ್ಣ ಬರಿಯ ಬಣ್ಣ. ಸೋರಿಕೆ ಕಣ್ಣಿಗೆ ಬೀಳಲೆಂದು, ಕಂಪನಿಯ ಗುರುತಾಗಲೆಂದು ಸೇರಿಸಿದ್ದು. ಹಸಿರೆಂದರೆ ಹಳೆಯ ಪದ್ಧತಿ, ಕಿತ್ತಳೆಯೆಂದರೆ ಹೊಸತು ಎಂಬ ರೂಢಿ ಒಂದು ಕಾಲಕ್ಕೆ ಇತ್ತಾದರೂ ಇಂದು ಒಂದೇ ಬಣ್ಣದಲ್ಲಿ ಎರಡು ಪದ್ಧತಿಗಳೂ, ಒಂದೇ ಪದ್ಧತಿ ನಾಲ್ಕು ಬಣ್ಣಗಳಲ್ಲೂ ಸಿಗುತ್ತವೆ. ನೋಡಬೇಕಾದದ್ದು ಕಾರಿನ ಕೈಪಿಡಿ ಹೇಳುವ ವಿಧ ಮತ್ತು ಡಬ್ಬಿಯ ಹಿಂಬದಿಯಲ್ಲಿ ನಮೂದಾಗಿರುವ ಮಾನಕ: ಭಾರತದ ಐಎಸ್ 5759, ಜಪಾನಿನ ಜೆಐಎಸ್ ಕೆ 2234, ಅಮೆರಿಕದ ಎಎಸ್‌ಟಿಎಂ ಡಿ3306. ಯಾವ ಮಾನಕವನ್ನೂ ನಮೂದಿಸದ, ಗ್ಲೈಕಾಲ್ ಎಷ್ಟಿದೆಯೆಂದೂ ಹೇಳದ ಅಗ್ಗದ ಬಣ್ಣದ ನೀರನ್ನು ಕೊಳ್ಳುವುದು ಹಣವನ್ನು ಚರಂಡಿಗೆ ಎಸೆದಂತೆ. ಎಲ್ಲ ಕಾರಿಗೂ ಎಲ್ಲ ಬಣ್ಣಕ್ಕೂ ಹೊಂದುತ್ತದೆಂದು ಸಾರುವ ಡಬ್ಬಿಗಳು ತುರ್ತಿಗೆ ಸರಿ. ಎರಡು ಪದ್ಧತಿಗಳನ್ನು ಬೆರೆಸಿದರೆ ಐದು ವರ್ಷ ಬಾಳಬೇಕಾದದ್ದು ಎರಡಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಅಂಟಿನಂಥ ಗಸಿಯೂ ಕಟ್ಟುತ್ತದೆ.

ಡಬ್ಬಿಗಳಲ್ಲಿ ಎರಡು ಬಗೆ: ನೀರು ಬೆರೆಸಿಯೇ ಬರುವ ಸಿದ್ಧ ಕೂಲಂಟ್ ಮತ್ತು ನೀರು ಬೆರೆಸಬೇಕಾದ ಗಟ್ಟಿ ಕೂಲಂಟ್. ಸಿದ್ಧ ದ್ರವಕ್ಕೆ ಮತ್ತೆ ನೀರು ಬೆರೆಸುವ ತಪ್ಪು ಸಾಮಾನ್ಯವಾಗಿ ನಡೆಯುತ್ತದೆ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪು ನುರಿತ ಕೈಗಳಿಂದಲೂ ಆಗುತ್ತದೆ. ಒಟ್ಟು 6 ಲೀಟರ್ ಹಿಡಿಯುವ ಕಾರಿನಿಂದ ಹಳೆಯ ದ್ರವವನ್ನು ಬಿಟ್ಟು ನೀರಿನಿಂದ ತೊಳೆದಾಗ, ರೇಡಿಯೇಟರಿನ ಕೆಳಗಿನ ತಿರುಪಿನಿಂದ 4 ಲೀಟರ್ ಹೊರಬಂದರೂ ತೊಳೆದ ನೀರಿನ 2 ಲೀಟರ್ ಎಂಜಿನ್ನಿನ ಮೂಲೆಗಳಲ್ಲಿ ಉಳಿದುಬಿಡುತ್ತದೆ. ಅದರ ಮೇಲೆ ಅರ್ಧಕ್ಕರ್ಧದ 4 ಲೀಟರ್ ಸಿದ್ಧ ಕೂಲಂಟ್ ಸುರಿದರೆ ಒಳಗಿರುವ ಗ್ಲೈಕಾಲ್ 6ರಲ್ಲಿ 2 ಲೀಟರ್, ಅಂದರೆ ನೂರಕ್ಕೆ 33 ಮಾತ್ರ. ಅರ್ಧಕ್ಕರ್ಧವೇ ಬೇಕೆಂದರೆ ಮೊದಲು 3 ಲೀಟರ್ ಗಟ್ಟಿ ಕೂಲಂಟ್, ಆಮೇಲೆ 1 ಲೀಟರ್ ಡಿಸ್ಟಿಲ್ಡ್ ವಾಟರ್ ಹುಯ್ಯಬೇಕು. ತೊಳೆಯಲೂ ಕೊನೆಯ ಸಲಕ್ಕಾದರೂ ಡಿಸ್ಟಿಲ್ಡ್ ವಾಟರನ್ನೇ ಬಳಸಬೇಕು. ತುಂಬಿದ ಮೇಲೆ ಎಂಜಿನ್ ಓಡಿಸಿ ಒಳಗಿನ ಗಾಳಿಯ ಗುಳ್ಳೆಗಳನ್ನು ಹೊರಡಿಸುವುದೂ ಮುಖ್ಯ, ಏಕೆಂದರೆ ಗಾಳಿ ನಿಂತ ಜಾಗದಲ್ಲಿ ದ್ರವ ಲೋಹವನ್ನು ಮುಟ್ಟುವುದೇ ಇಲ್ಲ. ಬೆರಕೆ ಎಷ್ಟಿದೆಯೆಂದು ಅಳೆಯಲು ಒಂದೇ ಹನಿ ಸಾಕಾಗುವ ರಿಫ್ರ್ಯಾಕ್ಟೊಮೀಟರ್ ಎಂಬ ಸಣ್ಣ ದುರ್ಬೀನಿನಂಥ ಸಾಧನವಿದೆ, ಒಳ್ಳೆಯ ಗ್ಯಾರೇಜುಗಳಲ್ಲಿ ಅದು ಇರುತ್ತದೆ.

ದಿನನಿತ್ಯದ ಪಾಲನೆಗೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬೇಡ. ಎಂಜಿನ್ ತಣ್ಣಗಿರುವ ಬೆಳಗಿನ ಹೊತ್ತು ಬಾನೆಟ್ ತೆರೆದು ಪ್ಲಾಸ್ಟಿಕ್ ಟ್ಯಾಂಕಿನ ಮೇಲಿನ ಎರಡು ಗೆರೆಗಳ ನಡುವೆ ದ್ರವ ಇದೆಯೇ ಎಂದು ನೋಡಬೇಕು. ಮುಚ್ಚಿದ ವ್ಯವಸ್ಥೆಯಲ್ಲಿ ದ್ರವ ತಾನಾಗಿ ಖರ್ಚಾಗುವುದಿಲ್ಲ. ತಿಂಗಳು ತಿಂಗಳೂ ತುಂಬಬೇಕಾಗಿ ಬಂದರೆ ಎಲ್ಲೋ ಸೋರಿಕೆಯಿದೆ, ಅದನ್ನು ಹುಡುಕದೆ ತುಂಬುತ್ತ ಹೋಗುವುದು ರೋಗ ಬಿಟ್ಟು ನೋವಿಗೆ ಮಾತ್ರೆ ನುಂಗಿದಂತೆ. ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ ತುಕ್ಕು, ಎಣ್ಣೆಯ ಪದರ ತೇಲುತ್ತಿದ್ದರೆ ಅಥವಾ ಎಂಜಿನ್ ಎಣ್ಣೆಯ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆತ ಕಾಫಿಯಂಥ ನೊರೆ ಕಂಡರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಅನುಮಾನ ಪಡಬೇಕು; ಚಿಕ್ಕ ದೂರಗಳಿಗೆ ಮಾತ್ರ ಓಡುವ ಕಾರಿನಲ್ಲಿ ಬರಿಯ ತೇವದಿಂದಲೂ ಸ್ವಲ್ಪ ನೊರೆ ಕಟ್ಟುವುದುಂಟು. ಹೋಸ್ ಪೈಪನ್ನು ಹಿಸುಕಿದರೆ ಅದು ಮಾಗಿದ ಹಣ್ಣಿನಂತೆ ಮೆತ್ತಗೂ ಇರಬಾರದು, ಒಣಗಿದ ಕಡ್ಡಿಯಂತೆ ಬಿರುಸಾಗಿಯೂ ಇರಬಾರದು. ರೇಡಿಯೇಟರಿನ ಪಟ್ಟಿಗಳಲ್ಲಿ ಸಿಕ್ಕ ಹುಳು, ಧೂಳನ್ನು ಮೆಲ್ಲನೆ ಹರಿಯುವ ನೀರಿನಿಂದ ತೊಳೆಯಬಹುದು. ಕಾರು ತೊಳೆಯುವ ಅಂಗಡಿಯ ರಭಸದ ನೀರು ಬಿದ್ದರೆ ಆ ತೆಳು ಪಟ್ಟಿಗಳು ಮಲಗಿಬಿಡುತ್ತವೆ.

ಉಷ್ಣತೆಯ ಮುಳ್ಳು ಕೆಂಪಿಗೆ ಏರಿದಾಗ, ಮುಳ್ಳಿಲ್ಲದ ಹೊಸ ಕಾರುಗಳಲ್ಲಿ ಕೆಂಪು ದೀಪ ಹೊತ್ತಿದಾಗ, ‘ಮುಂದಿನ ಊರಿನವರೆಗೆ ಹೋಗಿಬಿಡೋಣ’ ಎಂಬ ಆಸೆ ಹೆಡ್ ಬೆಂಡ್ ಆಗುವುದಕ್ಕೂ ಎಂಜಿನ್ ಸೀಜ್ ಆಗುವುದಕ್ಕೂ ನೇರ ದಾರಿ. ಏಸಿ ಆರಿಸಿ, ಹೀಟರನ್ನು ಪೂರ್ತಿ ಹಾಕಿದರೆ ಅದು ಎರಡನೆಯ ಪುಟ್ಟ ರೇಡಿಯೇಟರಿನಂತೆ ಒಂದಿಷ್ಟು ಶಾಖವನ್ನು ಕಾರಿನೊಳಕ್ಕೆ ಎಳೆಯುತ್ತದೆ. ಬದಿಯಲ್ಲಿ ಜಾಗ ಸಿಗುವವರೆಗೆ ಅಷ್ಟು ಮಾಡಿ, ನಿಂತು ಎಂಜಿನ್ ಆರಿಸಬೇಕು. ಆಮೇಲೆ ಕಡಿಮೆಯೆಂದರೂ ಅರ್ಧ ಗಂಟೆ ಮುಚ್ಚಳವನ್ನು ಮುಟ್ಟಬಾರದು. ಒತ್ತಡದಲ್ಲಿದ್ದುದರಿಂದಲೇ 110, 120 ಡಿಗ್ರಿಯಲ್ಲೂ ಕುದಿಯದೆ ನಿಂತಿದ್ದ ದ್ರವ ಮುಚ್ಚಳ ತಿರುವಿದ ಕ್ಷಣದಲ್ಲಿ ಒಮ್ಮೆಗೇ ಕುದಿದು ಮೇಲಕ್ಕೆ ಚಿಮ್ಮುತ್ತದೆ, ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಸೀಟಿ ಹೊಡೆಯುತ್ತಿರುವ ಕುಕ್ಕರಿನ ಮುಚ್ಚಳಕ್ಕೆ ಯಾರೂ ಕೈಹಾಕುವುದಿಲ್ಲ. ಇಲ್ಲಿ ಸೀಟಿ ಇಲ್ಲದಿರುವುದೇ ಅಪಾಯ. ಕಾದ ಎಂಜಿನ್ನಿಗೆ ತಣ್ಣೀರು ಹುಯ್ದರೆ ಲೋಹ ಬಿರಿಯುತ್ತದೆ. ಚಾರ್ಮಾಡಿಯ ನಡುದಾರಿಯಲ್ಲಿ ಬೇರೇನೂ ಸಿಗದಿದ್ದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕುಡಿಯುವ ನೀರನ್ನೇ ತುಂಬಿ ಊರು ಸೇರಬಹುದು, ತಪ್ಪೇನಿಲ್ಲ. ಆದರೆ ಆ ನೀರನ್ನು ಅದೇ ವಾರ ಹೊರತೆಗೆದು ಸರಿಯಾದ ಮಿಶ್ರಣವನ್ನು ತುಂಬಿಸಬೇಕು.

ಹಳೆಯ ಕೂಲಂಟನ್ನು ಏನು ಮಾಡಬೇಕೆಂಬುದನ್ನು ಗ್ಯಾರೇಜುಗಳಲ್ಲಿ ಯಾರೂ ಕೇಳುವುದಿಲ್ಲ, ಅದು ಸಾಮಾನ್ಯವಾಗಿ ಮುಂದಿನ ಚರಂಡಿಗೆ ಹರಿಯುತ್ತದೆ. ಎಥಿಲೀನ್ ಗ್ಲೈಕಾಲ್ ನಾಲಗೆಗೆ ಸಿಹಿ, ದೇಹಕ್ಕೆ ವಿಷ; ಯಕೃತ್ತಿನಲ್ಲಿ ಅದು ಒಡೆದು ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಮೂತ್ರಪಿಂಡವನ್ನು ಕೆಡಿಸುತ್ತದೆ. ನೆಲದಲ್ಲಿ ನಿಂತ ಗಟ್ಟಿ ಕೂಲಂಟನ್ನು ಒಂದೆರಡು ಚಮಚದಷ್ಟು ನೆಕ್ಕಿದ ಬೆಕ್ಕು ಬದುಕುವುದು ಕಷ್ಟ, ಮಕ್ಕಳಿಗೂ ಅಲ್ಪ ಪ್ರಮಾಣವೇ ಪ್ರಾಣಾಂತಿಕ. ಯಾರಾದರೂ ಕುಡಿದಿರಬಹುದೆಂಬ ಸಂದೇಹ ಬಂದರೂ ಲಕ್ಷಣಗಳಿಗೆ ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಧಾವಿಸಬೇಕು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಇದಕ್ಕೆ ಮದ್ದಿದೆ. ಮನೆಯಲ್ಲೇ ಕೂಲಂಟ್ ಬದಲಿಸುವವರು ನೆಲಕ್ಕೆ ಬಿದ್ದದ್ದನ್ನು ಧಾರಾಳ ನೀರಿನಿಂದ ತೊಳೆದು, ಹೊರತೆಗೆದದ್ದನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಹೆಸರು ಬರೆದು, ಹಳೆಯ ದ್ರವಗಳನ್ನು ತೆಗೆದುಕೊಳ್ಳುವ ಸರ್ವಿಸ್ ಸೆಂಟರಿಗೆ ಒಪ್ಪಿಸಬೇಕು. ಉಳಿದ ಕೂಲಂಟನ್ನು ಮಾತ್ರ ಯಾವ ಕಾರಣಕ್ಕೂ ಖಾಲಿ ನೀರಿನ ಬಾಟಲಿಯಲ್ಲೋ ತಂಪುಪಾನೀಯದ ಬಾಟಲಿಯಲ್ಲೋ ತುಂಬಿಡಬೇಡಿ.